ಅತ್ತೆ ಮರೀತಾರೆ, ಮಗನೂ ಮರೀತಾನೆ: ವಯಸ್ಸಿನ ಜೊತೆ ನೆನಪು ಹೆಂಗೆ ಬದಲಾಗತ್ತೆ ಅಂತ ಗೊತ್ತಿರೋರು ಹೇಳ್ತೀರಾ?

ಹಾಸನದ ಸೊಸೆ

ಎಲ್ರಿಗೂ ನಮಸ್ಕಾರ. ನಮ್ಮನೇಲಿ ಮೂರು ತಲೆಮಾರು ಒಟ್ಟಿಗೆ ಇದೀವಿ, ಅತ್ತೆಗೆ 71, ನಂಗೆ 40, ಮಗನಿಗೆ ನಾಲ್ಕು ತುಂಬಿ ಐದರಲ್ಲಿದಾನೆ. ಮೊನ್ನೆ ಎದುರು ಮನೆಯವರ ಹೆಸರು ನೆನಪಾಗ್ದೆ ಅತ್ತೆ ತುಂಬಾ ಹೊತ್ತು ಒದ್ದಾಡಿದ್ರು, ಗ್ಯಾಸ್ ಆಫ್ ಮಾಡಿದೀನಾ ಅಂತ ಎರಡು ಸಲ ಎದ್ದು ಹೋಗಿ ನೋಡಿ ಬಂದ್ರು, ಅದೇ ಅತ್ತೆ ಹೈಸ್ಕೂಲಲ್ಲಿ ತಮ್ಮ ಪಕ್ಕ ಕೂರ್ತಿದ್ದ ಹುಡುಗಿ ಯಾವ ಲಂಗ ಉಡ್ತಿದ್ಲು, ಅದರ ಅಂಚು ಯಾವ ಬಣ್ಣ ಅಂತ ಈಗ್ಲೂ ಹೇಳ್ತಾರೆ. ಮಗ ಎರಡೂವರೆ ವರ್ಷದಲ್ಲಿ ಮಲ್ಪೆಗೆ ಹೋಗಿದ್ದಾಗ ಚಪ್ಪಲಿ ಅಲೆಗೆ ಕೊಚ್ಚಿಕೊಂಡು ಹೋಗಿದ್ದನ್ನ ಹೋದ ವರ್ಷ ಪೂರ್ತಿ ಹೇಳ್ತಿದ್ದ, ಈಗ ಕೇಳಿದ್ರೆ ಕಣ್ಣು ಕಣ್ಣು ಬಿಡ್ತಾನೆ. ಇನ್ನು ನಂಗೆ ರೂಮಿಗೆ ಹೋದ್ಮೇಲೆ ಯಾಕೆ ಬಂದೆ ಅನ್ನೋದೇ ಮರ್ತು ಹೋಗತ್ತೆ.

ನಮ್ಮನೆಯವ್ರು ಅಮ್ಮನ ಬಗ್ಗೆ ತುಂಬಾ ಹೆದರಿದಾರೆ, ಅವರ ತಾತನಿಗೆ ಕೊನೆಗಾಲದಲ್ಲಿ ಮನೆಯವರ ಗುರುತೇ ಸಿಗ್ತಿರ್ಲಿಲ್ವಂತೆ. ಡಾಕ್ಟ್ರ ಹತ್ರ ಹೋಗೇ ಹೋಗ್ತೀವಿ, ಇಲ್ಲಿ ಕೇಳ್ತಿರೋದು ಔಷಧಿ ಅಲ್ಲ. ಹುಟ್ಟಿದಾಗಿಂದ ಮುಪ್ಪಿನ ತನಕ ಈ ಯೋಚನೆ ನೆನಪು ಎಲ್ಲ ಹೆಂಗೆ ಬೆಳೆದು ಹೆಂಗೆ ಇಳಿಯತ್ತೆ ಅಂತ ನಿಜವಾಗಿ ಯಾರಾದ್ರೂ ಅಳೆದಿದಾರಾ? ಅಳೆದಿದ್ರೆ ಹೆಂಗೆ ಅಳೆದ್ರು?

ಒಂಟಿಕೊಪ್ಪಲ್ ಮೇಷ್ಟ್ರು

ಒಳ್ಳೆ ಪ್ರಶ್ನೆ ಕಣಮ್ಮ. ಕಾಲೇಜಲ್ಲಿ ಮನಃಶಾಸ್ತ್ರ ಪಾಠ ಮಾಡಿ ರಿಟೈರ್ ಆದವನು ನಾನು, ತಿಳಿದಷ್ಟು ಹೇಳ್ತೀನಿ.

ನೆನಪು ಅನ್ನೋದು ಒಂದೇ ಡಬ್ಬ ಅಲ್ಲ, ಇದನ್ನ ಮೊದಲು ತಲೇಲಿ ಇಟ್ಕೊಳಿ. ತಕ್ಷಣ ನೋಡಿ ತಕ್ಷಣ ಗುರುತಿಸೋ ವೇಗ ಒಂದು, ಫೋನ್ ನಂಬರ್ ಕೇಳಿ ಡಯಲ್ ಮಾಡೋ ತನಕ ಹಿಡ್ಕೊಂಡಿರೋದು ಇನ್ನೊಂದು, ನಿನ್ನೆ ಏನಾಯ್ತು ಅನ್ನೋದು ಮತ್ತೊಂದು, ಪದಗಳ ಅರ್ಥ ಗಾದೆ ಲೋಕಜ್ಞಾನ ಇದೆಲ್ಲ ಬೇರೇನೇ, ಸೈಕಲ್ ಹೊಡೆಯೋದು ರೊಟ್ಟಿ ತಟ್ಟೋದು ಅಂತೂ ಕೈಗೇ ಗೊತ್ತಿರೋ ನೆನಪು. ಇವೆಲ್ಲ ಒಂದೇ ವಯಸ್ಸಲ್ಲಿ ಏರಲ್ಲ, ಒಟ್ಟಿಗೆ ಇಳಿಯೋದೂ ಇಲ್ಲ. ಬಾಸ್ಟನ್ನಿನ ಹಾರ್ಟ್ಸ್‌ಹಾರ್ನ್ ಮತ್ತೆ ಜರ್ಮೀನ್ ಅನ್ನೋ ಇಬ್ಬರು 2015ರಲ್ಲಿ ಇಂಟರ್ನೆಟ್ಟಲ್ಲಿ ಪರೀಕ್ಷೆ ತಗೊಂಡ 48 ಸಾವಿರಕ್ಕೂ ಹೆಚ್ಚು ಜನರ ಅಂಕ ಇಟ್ಕೊಂಡು ನೋಡಿದ್ರು, ಚಿಹ್ನೆ ನೋಡಿ ಚಕಚಕ ಹೊಂದಿಸೋ ವೇಗ 20ರ ಆಸುಪಾಸಲ್ಲೇ ತುದಿ ಮುಟ್ಟತ್ತೆ, ಎದುರಿನವರ ಕಣ್ಣು ನೋಡಿ ಮನಸ್ಸು ಅರಿಯೋದು 40 ದಾಟಿದ ಮೇಲೆ, ಪದಸಂಪತ್ತು 60ರ ಮೇಲೂ ಏರ್ತಾನೇ ಇತ್ತು. ಹಾಗಾಗಿ ನಿಮ್ಮತ್ತೆಗೆ ವಯಸ್ಸಾಯ್ತು ಎಲ್ಲ ಹೋಯ್ತು ಅನ್ನೋ ಮಾತು ಸರಿಯಲ್ಲ, ನಿಮ್ಮ ಹತ್ರ ಇಲ್ಲದ ಎಷ್ಟೋ ಅವರ ಹತ್ರ ಈಗಲೂ ಇದೆ.

ಇನ್ನು ಹೆಸರು. ನಾಲಿಗೆ ತುದೀಲಿದೆ ಬರ್ತಿಲ್ಲ ಅಂತೀವಲ್ಲ, ವಯಸ್ಸಾದ ಹಾಗೆ ಎಲ್ಲರಿಗೂ ಅದು ಜಾಸ್ತಿ ಆಗತ್ತೆ, ಅದರಲ್ಲೂ ವ್ಯಕ್ತಿಗಳ ಹೆಸರು. ಯಾಕಂದ್ರೆ ಹೆಸರಿಗೂ ಮುಖಕ್ಕೂ ಅರ್ಥದ ನಂಟು ಇರಲ್ಲ. ಎದುರು ಮನೆಯವರು ಟೀಚರ್ ಅನ್ನೋದು ಬೇಗ ಬರತ್ತೆ, ಹೆಸರು ಮಾತ್ರ ಬರಲ್ಲ. ಲಂಗದ ಅಂಚಿನ ವಿಷಯಕ್ಕೂ ಕಾರಣ ಇದೆ, ವಯಸ್ಸಾದವರ ಹತ್ರ ಜೀವನದ ನೆನಪು ಕೇಳಿ ಇಸವಿ ಪ್ರಕಾರ ಜೋಡಿಸಿದ್ರೆ ಸುಮಾರು 10ರಿಂದ 30 ವರ್ಷದೊಳಗಿನವು ಗುಡ್ಡದ ಹಾಗೆ ಎದ್ದು ಕಾಣ್ತವೆ. ಮೊದಲನೇ ಕೆಲಸ, ಮದುವೆ, ಮೊದಲ ಸಲ ಊರು ಬಿಟ್ಟಿದ್ದು ಎಲ್ಲ ಆ ಕಾಲದ್ದೇ ತಾನೇ.

ಲೆಕ್ಕದ ಹುಡುಗ

ಮೇಷ್ಟ್ರೇ ಕ್ಷಮಿಸಿ, ಒಂದು ತಕರಾರು. ಆ 48 ಸಾವಿರ ಜನರ ಸ್ಟಡೀಲಿ ಒಬ್ಬರನ್ನೂ ವರ್ಷಗಟ್ಟಲೆ ಹಿಂಬಾಲಿಸಿಲ್ಲ, ಇವತ್ತಿನ 20ರವರನ್ನ ಇವತ್ತಿನ 70ರವರ ಪಕ್ಕ ನಿಲ್ಲಿಸಿ ನೋಡಿದ್ದು. 70ರವರು ಬೇರೆ ಕಾಲದಲ್ಲಿ ಹುಟ್ಟಿದವರು, ಬೇರೆ ಊಟ ಬೇರೆ ಸ್ಕೂಲು, ಎಷ್ಟೋ ಜನ ಅರ್ಧಕ್ಕೇ ಓದು ಬಿಟ್ಟವರು. ವ್ಯತ್ಯಾಸ ಕಂಡ್ರೆ ಅದು ವಯಸ್ಸಿಂದ ಬಂದಿದ್ದಾ ಕಾಲದಿಂದ ಬಂದಿದ್ದಾ ಹೇಳೋಕಾಗಲ್ಲ.

ಅಮೆರಿಕಾದ ಸಿಯಾಟಲ್‌ನಲ್ಲಿ ವಾರ್ನರ್ ಶಾಯಿ ಅನ್ನೋರು ಇದನ್ನ ಎತ್ತಿ ತೋರಿಸಿದ್ರು. 1956ರಲ್ಲಿ 500 ಜನರಿಂದ ಶುರು ಮಾಡಿ ಏಳೇಳು ವರ್ಷಕ್ಕೊಮ್ಮೆ ಅವರನ್ನೇ ಮತ್ತೆ ಕರೆದು ಪರೀಕ್ಷೆ ಮಾಡ್ತಾ, ಪ್ರತಿ ಸಲ ಹೊಸಬರನ್ನೂ ಸೇರಿಸ್ಕೊಳ್ತಾ ಹೋದ್ರು. ಒಂದೇ ದಿನ ಎಲ್ಲ ವಯಸ್ಸಿನವರನ್ನೂ ಅಳೆದ್ರೆ ನಡುವಯಸ್ಸಿಗೆ ಮುಂಚೇನೇ ಇಳಿಜಾರು ಶುರು ಆದ ಹಾಗೆ ಕಾಣತ್ತೆ, ಅದೇ ಜನರನ್ನ ಹಿಂಬಾಲಿಸಿದ್ರೆ ಬಹಳಷ್ಟು ಸಾಮರ್ಥ್ಯ 60ರ ಹತ್ರದ ತನಕ ಚೆನ್ನಾಗೇ ನಿಂತಿರತ್ತೆ. ವೇಗ ಮಾತ್ರ ಬೇಗ ಇಳಿಯತ್ತೆ, ಅದು ಎರಡು ರೀತೀಲೂ ಕಾಣತ್ತೆ.

ಒಂಟಿಕೊಪ್ಪಲ್ ಮೇಷ್ಟ್ರು

ತಕರಾರು ಸರಿ ಇದೆ ಕಣಪ್ಪ, ಒಪ್ಕೊಂಡೆ. ಹಿಂಬಾಲಿಸೋದ್ರಲ್ಲೂ ಒಂದು ತೊಡಕು ಇದೆ ನೋಡು, ಪದೇ ಪದೇ ಅದೇ ಪರೀಕ್ಷೆ ಕೊಟ್ಟವರಿಗೆ ರೂಢಿ ಆಗತ್ತೆ, ಕಾಯಿಲೆ ಬಿದ್ದವರು ನಡುವೆ ಬಿಟ್ಟು ಹೋಗ್ತಾರೆ, ಕೊನೇಲಿ ಉಳಿಯೋರು ಗಟ್ಟಿಗರು. ಅದಕ್ಕೇ ಶಾಯಿ ಎರಡನ್ನೂ ಒಟ್ಟಿಗೆ ಮಾಡಿದ್ದು.

ನಿದ್ದೆಗೆಟ್ಟ ಅಮ್ಮ

ಮಕ್ಕಳ ಕಥೆ ಯಾರೂ ಹೇಳ್ಲಿಲ್ಲ! ನನ್ನ ಪಾಪುಗೆ ಈಗ ನಾಲ್ಕು ತಿಂಗಳು. ಇಷ್ಟೆಲ್ಲ ಎತ್ತಿ ಆಡಿಸಿ ಹಾಡು ಹೇಳ್ತೀನಿ, ಇದ್ರಲ್ಲಿ ಏನೂ ಅವಳಿಗೆ ನೆನಪಿರಲ್ವಾ, ಯೋಚನೆ ಮಾಡಿದ್ರೆ ಹೊಟ್ಟೆ ಉರಿಯತ್ತೆ.

ಒಂಟಿಕೊಪ್ಪಲ್ ಮೇಷ್ಟ್ರು

ನೆನಪಿರತ್ತೆ ತಾಯಿ, ಈ ವಯಸ್ಸಿಗೆ ಬೇಕಾದಷ್ಟು ಇರತ್ತೆ. ಕ್ಯಾರೊಲಿನ್ ರೋವಿ-ಕಾಲಿಯರ್ ಅಂತ ಒಬ್ಬರು ಅಮೆರಿಕಾದಲ್ಲಿ ಇದ್ರು. ಅವರದೇ ಮಗು ಒಂದೇ ಸಮ ಅಳ್ತಿತ್ತು, ಇವರು ಓದೋ ಕೆಲಸ ಮುಗಿಸ್ಬೇಕು, ತೊಟ್ಟಿಲ ಮೇಲೆ ನೇತಾಡೋ ಆಟಿಕೆಗೆ ಒಂದು ಪಟ್ಟಿ ಕಟ್ಟಿ ಇನ್ನೊಂದು ತುದಿ ಮಗುವಿನ ಕಾಲಿಗೆ ಕಟ್ಟಿಬಿಟ್ರು. ಮಗು ಒದ್ದ್ರೆ ಆಟಿಕೆ ಕುಣಿಯತ್ತೆ, ಸ್ವಲ್ಪ ಹೊತ್ತಲ್ಲೇ ಮಗು ಅದನ್ನ ಕಲಿತು ಬೇಕಂತಲೇ ಒದೆಯೋಕೆ ಶುರು ಮಾಡ್ತು. ಆಮೇಲೆ ಅದನ್ನೇ ಸರಿಯಾದ ಪ್ರಯೋಗ ಮಾಡಿದ್ರು, ಮೂರು ತಿಂಗಳ ಮಗುಗೆ ಇದು ಸುಮಾರು ಒಂದು ವಾರ ನೆನಪಿರತ್ತೆ, ಆರು ತಿಂಗಳ ಮಗುಗೆ ಸುಮಾರು ಎರಡು ವಾರ. ಮರೆತ ಮೇಲೂ, ಪರೀಕ್ಷೆಗೆ ಒಂದು ದಿನ ಮುಂಚೆ ಸುಮ್ಮನೆ ಆಟಿಕೆ ಕುಣಿಯೋದನ್ನ ತೋರಿಸಿದ್ರೆ ಸಾಕು, ನೆನಪು ವಾಪಸ್ ಬರ್ತಿತ್ತು.

ಹಾಸನದ ಸೊಸೆಯವರ ಮಗನ ಚಪ್ಪಲಿ ಕಥೆಗೆ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಬೌವರ್ ಮಾಡಿದ ಕೆಲಸ ಹತ್ತಿರ ಬರತ್ತೆ. ಮೂರು ವರ್ಷದ ಮಕ್ಕಳು ಅಮ್ಮಂದಿರ ಜೊತೆ ಹಿಂದೆ ನಡೆದ ಸಂಗತಿ ಮಾತಾಡೋದನ್ನ ರೆಕಾರ್ಡ್ ಮಾಡಿಟ್ಟು, ಆಮೇಲೆ ಬೇರೆ ಬೇರೆ ವಯಸ್ಸಲ್ಲಿ ಕೇಳಿದ್ರು. 5ರಿಂದ 7 ವರ್ಷದವರಿಗೆ ಆ ಸಂಗತಿಗಳಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ನೆನಪಿತ್ತು, 8-9ರವರಿಗೆ ಸುಮಾರು 35ಕ್ಕೆ ಇಳಿದಿತ್ತು. ಅಂದ್ರೆ ದೊಡ್ಡವರಾದ ನಮಗೆ ಮೂರು ವರ್ಷಕ್ಕೆ ಮುಂಚಿನದು ನೆನಪಿಲ್ಲ ಅಂತೀವಲ್ಲ, ಆ ಮಗುಗೆ ನೆನಪೇ ಕೂತಿರಲಿಲ್ಲ ಅಂತಲ್ಲ, ಕೂತಿದ್ದು ಬಾಲ್ಯದಲ್ಲೇ ಕರಗಿ ಹೋಗತ್ತೆ. ಅಮ್ಮಂದಿರು ಆಮೇಲೇನಾಯ್ತು ಪುಟ್ಟಾ, ಯಾರಿದ್ರು ಅಲ್ಲಿ, ಅಂತ ಮಗುವಿನ ಮಾತನ್ನೇ ಹಿಡಿದು ಬೆಳೆಸಿದ ಮನೆಗಳಲ್ಲಿ ಮಕ್ಕಳು ಹೆಚ್ಚು ವಿವರವಾಗಿ ಹೇಳ್ತಾರೆ. ಮಲಗಿಸುವಾಗ ಇವತ್ತು ಏನೇನಾಯ್ತು ಅಂತ ಕೇಳೋ ಅಭ್ಯಾಸ ಇದ್ರೆ ಬಿಡಬೇಡಿ.

ಲೀತ್ ಕನ್ನಡತಿ

ತಡವಾಗಿ ಬಂದೆ. ನಾನು ಎಡಿನ್‌ಬರಾದಲ್ಲಿ ಇದೀನಿ, ಹಾಸನದ ಅಕ್ಕ ಕೇಳಿದ ಪ್ರಶ್ನೆಗೆ ಪ್ರಪಂಚದಲ್ಲೇ ಅತಿ ಒಳ್ಳೆ ಉತ್ತರಗಳಲ್ಲಿ ಒಂದು ಈ ಊರಲ್ಲೇ ಹುಟ್ಟಿದ್ದು, ಇದನ್ನ ಹೇಳ್ದೆ ಇರೋಕಾಗಲ್ಲ.

1932ರ ಜೂನ್ 1. ಅವತ್ತು ಸ್ಕಾಟ್ಲೆಂಡಿನಲ್ಲಿ 1921ರಲ್ಲಿ ಹುಟ್ಟಿ ಶಾಲೇಲಿದ್ದ ಹೆಚ್ಚುಕಮ್ಮಿ ಎಲ್ಲ ಮಕ್ಕಳನ್ನೂ ಕೂರಿಸಿ ಒಂದೇ ದಿನ ಒಂದೇ ಪ್ರಶ್ನೆಪತ್ರಿಕೆ ಕೊಟ್ರು, ಮೋರೆ ಹೌಸ್ ಪರೀಕ್ಷೆ ಅಂತ, 45 ನಿಮಿಷ. ಬರೆದವರು 87,498 ಮಕ್ಕಳು, ಒಂದು ಇಡೀ ದೇಶದ ಹನ್ನೊಂದು ವರ್ಷದವರು! 1947ರಲ್ಲಿ 1936ರ ಮಕ್ಕಳಿಗೆ ಮತ್ತೆ ಹಾಗೇ ಮಾಡಿದ್ರು, 70,805 ಜನ. ಮಕ್ಕಳ ಬುದ್ಧಿಮತ್ತೆ ಹೇಗಿದೆ ನೋಡೋಣ ಅಂತ ಮಾಡಿದ್ದು, ಮುಪ್ಪಿನ ಯೋಚನೆ ಆಗ ಯಾರಿಗೂ ಇರ್ಲಿಲ್ಲ. ಅಂಕ ಬರೆದಿಟ್ಟ ಲೆಡ್ಜರುಗಳು ಹಾಗೇ ಧೂಳು ತಿಂತಾ ಕೂತಿದ್ವು.

ಅರವತ್ತು ವರ್ಷ ದಾಟಿದ ಮೇಲೆ, ಇಯಾನ್ ಡಿಯರಿ ಮತ್ತೆ ಲಾರೆನ್ಸ್ ವಾಲಿ ಅನ್ನೋ ಇಬ್ಬರು ಆ ಲೆಡ್ಜರುಗಳ ಬೆಲೆ ಏನು ಅಂತ ಅರ್ಥ ಮಾಡ್ಕೊಂಡ್ರು. ಇವತ್ತಿನ ಮುದುಕರು ಹನ್ನೊಂದನೇ ವಯಸ್ಸಲ್ಲಿ ಹೆಂಗಿದ್ರು ಅನ್ನೋ ದಾಖಲೆ ಬೇರೆ ಯಾರ ಹತ್ರಾನೂ ಇಷ್ಟು ಪೂರ್ತಿಯಾಗಿ ಇರ್ಲಿಲ್ಲ. 1998ರ ಜೂನ್ 1ನೇ ತಾರೀಖು, ಸರಿಯಾಗಿ 66 ವರ್ಷ ಆದ ದಿನ, ಅಬರ್ಡೀನ್ ಊರಿನ ಮ್ಯೂಸಿಕ್ ಹಾಲಿಗೆ ಆ ಹಳೇ ಮಕ್ಕಳನ್ನ ಕರೆದು ಅದೇ ಪ್ರಶ್ನೆಪತ್ರಿಕೆ ಮತ್ತೆ ಕೊಟ್ರು. 77 ವರ್ಷದವರು ಪೆನ್ಸಿಲ್ ಹಿಡಿದು ಬರೀತಾ ಕೂತಿರೋದನ್ನ ಕಲ್ಪಿಸ್ಕೊಂಡ್ರೆ ನಂಗೆ ಈಗ್ಲೂ ಮೈ ಜುಮ್ ಅನ್ನತ್ತೆ. ಲೆಕ್ಕಕ್ಕೆ ಸಿಕ್ಕ 101 ಜನರದು ನೋಡಿದಾಗ, ಸರಾಸರಿ ಹನ್ನೊಂದರಲ್ಲಿ ತಗೊಂಡಿದ್ದಕ್ಕಿಂತ 77ರಲ್ಲಿ ತಗೊಂಡ ಅಂಕ ಜಾಸ್ತಿ ಇತ್ತು. ಆಗ ಮುಂದಿದ್ದವರು ಬಹುಮಟ್ಟಿಗೆ ಈಗಲೂ ಮುಂದೆ, ಹೊಂದಾಣಿಕೆ 0.63.

ಆಮೇಲೆ ಎಡಿನ್‌ಬರಾ ಸುತ್ತಮುತ್ತ, ಲೋದಿಯನ್ ಅಂತಾರೆ ಈ ಸೀಮೆಗೆ, ಇಲ್ಲಿನ 1921ರವರು 550 ಮತ್ತೆ 1936ರವರು 1,091 ಜನರನ್ನ ಹುಡುಕಿ ವರ್ಷಗಟ್ಟಲೆ ಹಿಂಬಾಲಿಸಿದ್ರು, ಮಿದುಳಿನ ಸ್ಕ್ಯಾನು ರಕ್ತ ನಡಿಗೆ ಎಲ್ಲ. ಕೆಲವರು ಸತ್ತ ಮೇಲೆ ಮಿದುಳು ದಾನ ಕೊಡೋಕೂ ಸಹಿ ಹಾಕಿದಾರೆ.

ಲೆಕ್ಕದ ಹುಡುಗ

ಇದನ್ನೇ ನಾನೂ ಹೇಳ್ಬೇಕಂತಿದ್ದೆ ಅಕ್ಕ. 0.63 ಅಂದ್ರೆ ಏನು ಅಂತ ಉಳಿದವರಿಗೆ: ಪೂರ್ತಿ ಹೊಂದಿದ್ರೆ 1, ಸಂಬಂಧಾನೇ ಇಲ್ದಿದ್ರೆ 0. ಅವತ್ತು ಬಂದವರು ಬದುಕುಳಿದ ಆರೋಗ್ಯವಂತರು ಮಾತ್ರ, ಅದನ್ನ ಸರಿದೂಗಿಸಿದ್ರೆ 0.73 ಆಗತ್ತೆ, ಅದನ್ನ ಅದರಿಂದಲೇ ಗುಣಿಸಿದ್ರೆ ಸುಮಾರು ಅರ್ಧ. ಅಂದ್ರೆ ಮುಪ್ಪಲ್ಲಿ ಜನರ ನಡುವೆ ಕಾಣೋ ವ್ಯತ್ಯಾಸದಲ್ಲಿ ಅರ್ಧದಷ್ಟು ಹನ್ನೊಂದನೇ ವಯಸ್ಸಲ್ಲೇ ಇತ್ತು. ಇನ್ನರ್ಧ ಆಮೇಲಿನ 66 ವರ್ಷದಲ್ಲಿ ಬಂದಿದ್ದು.

ಫಿಲ್ಟರ್ ಕಾಫಿ ಮಲ್ಲೇಶ್ವರಂ

ಆ ಇನ್ನರ್ಧಕ್ಕೆ ಏನು ಮಾಡ್ಬೇಕು ಅದು ಹೇಳ್ರಪ್ಪ. ನಾನು 62, ದಿನಾ ಪದಬಂಧ ಸುಡೋಕು ಎರಡೂ ಬಿಡಲ್ಲ, ಕಾಫಿಗೂ ನೆನಪಿಗೂ ಒಳ್ಳೇದು ಅಂತ ವಾಟ್ಸಾಪಲ್ಲಿ ಬರ್ತಾನೇ ಇರತ್ತೆ.

ಲೀತ್ ಕನ್ನಡತಿ

ಸರ್, ಕಾಫಿ ವಿಷಯ ಇದೇ ಲೋದಿಯನ್ ಗುಂಪಲ್ಲೇ ನೋಡಿದಾರೆ. 70ರಲ್ಲಿ ಕಾಫಿ ಕುಡಿಯೋರ ಅಂಕ ಕೆಲವು ಪರೀಕ್ಷೆಯಲ್ಲಿ ಚೆನ್ನಾಗೇ ಇತ್ತು, ಬೇರೆ ಕಡೆ ಆಗಿದ್ರೆ ಅಷ್ಟಕ್ಕೇ ಪೇಪರಲ್ಲಿ ಸುದ್ದಿ ಆಗ್ತಿತ್ತು. ಆದ್ರೆ ಇವರ ಹತ್ರ ಹನ್ನೊಂದನೇ ವಯಸ್ಸಿನ ಅಂಕ ಇತ್ತಲ್ಲ, ಅದನ್ನೂ ಮನೆತನದ ಸ್ಥಿತಿಗತಿಯನ್ನೂ ಲೆಕ್ಕಕ್ಕೆ ತಗೊಂಡ ಮೇಲೆ ಆ ಸಂಬಂಧ ಬಹುಪಾಲು ಮಾಯ ಆಯ್ತು. ಕಾಫಿ ಬುದ್ಧಿ ಕೊಟ್ಟಿದ್ದಲ್ಲ, ಚಿಕ್ಕಂದಿನಲ್ಲೇ ಚುರುಕಾಗಿದ್ದವರು ದೊಡ್ಡವರಾಗಿ ಅಂಥ ಅಭ್ಯಾಸದ ಕಡೆ ಹೋಗಿದ್ದು. ಎಷ್ಟೋ ಆರೋಗ್ಯದ ಸುದ್ದಿ ಓದುವಾಗ ನಂಗೆ ಈಗ ಮೊದಲು ಬರೋ ಪ್ರಶ್ನೆ ಇದೇ, ಇವರು ಮೊದಲು ಹೆಂಗಿದ್ರು?

ಪದಬಂಧದ ಬಗ್ಗೆ ಅಬರ್ಡೀನಿನ 1936ರವರು 498 ಜನರನ್ನ ನೋಡಿ 2018ರಲ್ಲಿ ಬರೆದಿದಾರೆ. ತಲೆಗೆ ಕೆಲಸ ಕೊಡೋ ಹವ್ಯಾಸ ಇದ್ದವರು ಎತ್ತರದಿಂದ ಇಳಿಯೋಕೆ ಶುರು ಮಾಡ್ತಾರೆ, ಇಳಿಯೋ ವೇಗ ಮಾತ್ರ ಅದರಿಂದ ಕಡಿಮೆ ಆಗಿರಲಿಲ್ಲ. ಆದ್ರೆ ಎತ್ತರದಿಂದ ಶುರು ಮಾಡಿದ್ರೆ ತೊಂದರೆ ಅನ್ನೋ ಗೆರೆ ಮುಟ್ಟೋಕೆ ಹೆಚ್ಚು ವರ್ಷ ಹಿಡಿಯತ್ತಲ್ಲ. ಪದಬಂಧ ಬಿಡಬೇಡಿ ಸರ್.

ಒಂಟಿಕೊಪ್ಪಲ್ ಮೇಷ್ಟ್ರು

ಇನ್ನರ್ಧದ ಬಗ್ಗೆ ಒಂದು ಸೇರಿಸ್ತೀನಿ. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಡಿಮೆನ್ಶಿಯಾಕ್ಕೆ, ಅಂದ್ರೆ ಮರೆವಿನ ಕಾಯಿಲೆಗೆ, ದಾರಿ ಮಾಡೋ 14 ಕಾರಣ ಪಟ್ಟಿ ಮಾಡಿದೆ, ಚಿಕ್ಕಂದಿನಲ್ಲಿ ಓದು ಸಿಗದೇ ಇರೋದು, ಬಿಪಿ, ಸಕ್ಕರೆ ಕಾಯಿಲೆ, ಒಂಟಿತನ, ಬೀಡಿ ಸಿಗರೇಟು, ಕಿವಿ ಕೇಳಿಸದೇ ಇರೋದು, ಕಣ್ಣು ಮಂಜಾಗಿದ್ರೂ ತೋರಿಸದೇ ಇರೋದು ಎಲ್ಲ ಇದೆ. ಹಾಸನದ ಸೊಸೆಯವರೇ, ಅತ್ತೆಯವರ ಕಿವಿ, ಬಿ12, ಥೈರಾಯ್ಡ್ ಮೂರನ್ನೂ ಮೊದಲು ನೋಡಿಸಿ. ಕೇಳಿಸದೇ ಇದ್ದ ಮಾತು ಮರೆತ ಮಾತಿನ ಹಾಗೇ ಕಾಣತ್ತೆ.

ಧಾರವಾಡ ಕಡೆಯಂವ

ಎಲ್ಲಾ ಓದಿದ್ನಿರಿ, ಛಲೋ ಅನಿಸ್ತು. ಆದ್ರ ಮನಸ್ಸಿಗೆ ಚುಚ್ಚಿದ್ದೊಂದು ಮಾತೈತಿ. ನಮ್ಮ ಅವ್ವ ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ. ಹ್ವಾದ ವರ್ಷ ದವಾಖಾನಿಗೆ ಕರಕೊಂಡು ಹೋಗಿದ್ವಿ, ಅಲ್ಲಿ ಇವತ್ತು ತಾರೀಖು ಎಷ್ಟು ಅಂತ ಕೇಳಿದ್ರು, ಅಕಿ ಶ್ರಾವಣ ಮಾಸ, ಇವತ್ತು ಅಷ್ಟಮಿ, ನಾಡಿದ್ದು ನಮ್ಮ ತವರಮನ್ಯಾಗ ಪೂಜಾ ಅಂದ್ಲು. ತಪ್ಪು ಅಂತ ಬರಕೊಂಡ್ರು! ಆಮ್ಯಾಲ ಒಂದು ಚಿತ್ರ ಕೊಟ್ಟು ಹಿಂಗ ತಗೀರಿ ಅಂದ್ರು, ಅಕಿ ಜನ್ಮದಾಗ ಪೆನ್ನು ಹಿಡದಿಲ್ರಿ, ಕೈ ನಡಗಿ ಅಳಾಕ ಹತ್ತಿದ್ಲು. ನಲವತ್ತು ಎಕರೆದಾಗ ಯಾವ ಹೊಲಕ್ಕ ಯಾವ ವರ್ಷ ಏನು ಬಿತ್ತಿದ್ರು ಅಂತ ಇನ್ನೂ ಬಾಯಾಗ ಹೇಳ್ತಾಳ. ಅಂಥಾಕಿ ಬುದ್ಧಿ ಅಳಿಯಾಕ ಸ್ಕಾಟ್ಲೆಂಡಿನ ಪೇಪರ್ ಹೆಂಗ ಸಾಲ್ತೈತ್ರಿ?

ಲೀತ್ ಕನ್ನಡತಿ

ಅಣ್ಣಾ, ಓದಿ ಸಂಕಟ ಆಯ್ತು. ನೀವು ಹೇಳಿದ್ದು ನೂರಕ್ಕೆ ನೂರು ಸರಿ.

ಒಂಟಿಕೊಪ್ಪಲ್ ಮೇಷ್ಟ್ರು

ಧಾರವಾಡದವರೇ, ನಿಮ್ಮ ತಾಯಿ ಹೇಳಿದ ಉತ್ತರ ಸರಿಯಾದ ಉತ್ತರ. ಈ ಸಮಸ್ಯೆ ನೋಡಿಯೇ ಹರಿಯಾಣದ ಬಲ್ಲಭ್‌ಗಢದಲ್ಲಿ ಕೆಲಸ ಮಾಡಿದ ಗಂಗೂಲಿ ಮತ್ತವರ ತಂಡ 1995ರಲ್ಲಿ ಓದು ಬರಹ ಬಾರದ ಹಳ್ಳಿ ಜನರಿಗೆ ಹೊಂದೋ ಹಾಗೆ ಹಿಂದೀಲಿ ಪ್ರಶ್ನೆಗಳನ್ನ ಮರುರೂಪಿಸಿದ್ರು. ವೈದ್ಯರ ಹತ್ರ ಮತ್ತೆ ಹೋದ್ರೆ ಅವ್ವನಿಗೆ ಅಕ್ಷರ ಬರಲ್ಲ, ಅದಕ್ಕೆ ತಕ್ಕ ಪರೀಕ್ಷೆ ಮಾಡಿ ಅಂತ ಗಟ್ಟಿಯಾಗಿ ಕೇಳಿ, ಅದು ನಿಮ್ಮ ಹಕ್ಕು.

ಅಕ್ಷರ ಬಾರದವರ ಬಗ್ಗೆ ನಮ್ಮ ಕಡೆಯವರೇ ಮಾಡಿದ ದೊಡ್ಡ ಕೆಲಸಾನೂ ಇದೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರೋ ಡಾ. ಸುವರ್ಣಾ ಅಲ್ಲಾಡಿ ಅವರು ಹೈದರಾಬಾದಿನ ನಿಜಾಮ್ಸ್ ಆಸ್ಪತ್ರೆ, ಅಂದ್ರೆ ನಿಮ್ಸ್‌ನಲ್ಲಿದ್ದಾಗ 648 ಡಿಮೆನ್ಶಿಯಾ ರೋಗಿಗಳ ವಿವರ ನೋಡಿ 2013ರಲ್ಲಿ ಪ್ರಕಟಿಸಿದ್ರು, ಒಂದೇ ಭಾಷೆ ಆಡೋರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡೋರಿಗೆ ರೋಗದ ಲಕ್ಷಣ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಂಡಿತ್ತು. ಶಾಲೆಗೇ ಹೋಗದವರಲ್ಲೂ ಈ ವ್ಯತ್ಯಾಸ ಇತ್ತು, ಹಾಗಾಗಿ ಇದು ಬರೀ ಓದಿನ ಫಲ ಅನ್ನೋ ಹಾಗಿಲ್ಲ. ಆಸ್ಪತ್ರೆಗೆ ಬಂದವರನ್ನಷ್ಟೇ ನೋಡಿದ್ದು ಅನ್ನೋ ಮಿತಿ ಇದೆ, ಅದನ್ನ ಮರೀಬಾರದು.

ಮಾವಿನ ತೋಪು

ನಾನು ಶ್ರೀನಿವಾಸಪುರದವನು, ಕೋಲಾರ ಜಿಲ್ಲೆ. ನಮ್ಮಲ್ಲಿ ಮನೇಲಿ ತೆಲುಗು, ಸಂತೇಲಿ ಕನ್ನಡ, ಎರಡೂ ಇಲ್ದೆ ದಿನ ಕಳೆಯಲ್ಲ. ಐಐಎಸ್ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದವರು ನಮ್ಮ ತಾಲೂಕಿನ ಹಳ್ಳಿಗಳಲ್ಲೇ 45 ದಾಟಿದವರನ್ನ ವರ್ಷಗಟ್ಟಲೆ ಹಿಂಬಾಲಿಸೋ ಸ್ಟಡಿ ಮಾಡ್ತಿದಾರೆ, ಹತ್ತು ಸಾವಿರ ಜನರ ಗುರಿ. ನಮ್ಮ ದೊಡ್ಡಪ್ಪ ಅದ್ರಲ್ಲಿದಾರೆ, ರಕ್ತ ಕೊಟ್ಟು ಪ್ರಶ್ನೆಗೆಲ್ಲ ಉತ್ತರ ಹೇಳಿ ಬಂದು, ಮುಂದಿನ ಸಲಕ್ಕೆ ಇನ್ನೂ ಚೆನ್ನಾಗಿ ಹೇಳ್ಬೇಕು ಅಂತ ಪಟ್ಟಿ ಮನಸ್ಸಲ್ಲೇ ಹೇಳ್ಕೊಳ್ತಾ ಇರ್ತಾರೆ. ಧಾರವಾಡದ ಅಣ್ಣ ಕೇಳಿದ ಪ್ರಶ್ನೆಗೆ ಉತ್ತರ ಇಂಥ ಕಡೆಯಿಂದಲೇ ಬರ್ಬೇಕು, ಹೊಲ ಉಳೋರ ಲೆಕ್ಕ ಹೊಲ ಉಳೋರ ಊರಲ್ಲೇ ಸಿಗೋದು.

ಒಂಟಿಕೊಪ್ಪಲ್ ಮೇಷ್ಟ್ರು

ನಮ್ಮ ಮೈಸೂರಲ್ಲೂ ಸ್ಕಾಟ್ಲೆಂಡಿನ ಲೆಡ್ಜರಿನಂಥದ್ದೇ ಒಂದು ಇದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್, ನಾವೆಲ್ಲ ಮಿಷನ್ ಆಸ್ಪತ್ರೆ ಅಂತೀವಲ್ಲ, ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ರು. ಇಂಗ್ಲೆಂಡಿನ ಸೌತಾಂಪ್ಟನ್‌ನ ಕ್ಯಾರೊಲಿನ್ ಫಾಲ್ ಮತ್ತೆ ಇಲ್ಲಿನವರು ಸೇರಿ ಆ ರಿಜಿಸ್ಟರ್ ಹಿಡಿದು ಅದೇ ಮಕ್ಕಳನ್ನ ದೊಡ್ಡವರಾದ ಮೇಲೆ ಹುಡುಕಿದ್ರು, ಮೊದಲು ಹೃದಯ ಸಕ್ಕರೆ ಕಾಯಿಲೆಗೆ, ಆಮೇಲೆ ನೆನಪು ಯೋಚನೆಗೂ. ಅದೇ ಆಸ್ಪತ್ರೇಲಿ 1997-98ರಲ್ಲಿ ಗರ್ಭಿಣಿಯರ ರಕ್ತ ಸುಮಾರು 30ನೇ ವಾರದಲ್ಲಿ ಪರೀಕ್ಷೆ ಮಾಡಿಟ್ಟು, ಹುಟ್ಟಿದವರಿಗೆ 9-10 ವರ್ಷ ಆದಾಗ 536 ಮಕ್ಕಳ ಕಲಿಕೆ ನೆನಪು ಅಳೆದ್ರು. ತಾಯಿಯ ರಕ್ತದಲ್ಲಿ ಫೋಲೇಟ್ ಹೆಚ್ಚಿದ್ದ ಮಕ್ಕಳ ಅಂಕ ಸ್ವಲ್ಪ ಹೆಚ್ಚಿತ್ತು. ಫೋಲೇಟ್ ಅಂದ್ರೆ ಸೊಪ್ಪು ಕಾಳಿನಲ್ಲಿರೋದೇ. ಹನ್ನೊಂದನೇ ವಯಸ್ಸಿನ ಅಂಕದ ಹಿಂದೆಯೂ ಒಂದು ಬಸುರಿನ ಊಟ ಇರಬಹುದು ಅಂದಂಗಾಯ್ತು. ರಾತ್ರಿ ಪಾಳಿಯಲ್ಲಿ ಟೇಪು ಹಿಡಿದು ಅಳೆದು ಬರೆದಿಟ್ಟ ಆ ನರ್ಸಮ್ಮಂದಿರಿಗೆ ಕೈ ಮುಗೀಬೇಕು.

ಹಾಸನದ ಸೊಸೆ

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಎರಡು ವಾರ ಆಯ್ತು ಬರೆದು. ಡಾಕ್ಟ್ರ ಹತ್ರ ಹೋಗಿ ಬಂದ್ವಿ. ಬಿ12 ಕಡಿಮೆ ಇದೆ ಅಂತ ಇಂಜೆಕ್ಷನ್ ಶುರು ಮಾಡಿದಾರೆ, ಎಡಗಿವಿ ಚೂರು ಮಂದ ಆಗಿದೆ, ಅದಕ್ಕೆ ಬೇರೆ ಡಾಕ್ಟ್ರ ಹತ್ರ ಬರೆದು ಕೊಟ್ಟಿದಾರೆ. ಆರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ.

ಲೀತ್ ಅಕ್ಕ ಹೇಳಿದ 'ಮೊದಲು ಹೆಂಗಿದ್ರು' ಅನ್ನೋ ಮಾತು ನಮ್ಮನೆಯವ್ರ ತಲೇಲಿ ಕೂತ್ಬಿಡ್ತು. ಅತ್ತೆ 1987ರಿಂದ ಪ್ರತಿ ವರ್ಷದ ಗೋಡೆ ಕ್ಯಾಲೆಂಡರ್ ಎತ್ತಿಟ್ಟಿದಾರೆ, ಅದ್ರಲ್ಲಿ ದಿನಾ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಕೆಲಸದವಳು ಬರದೇ ಇದ್ದ ದಿನ, ತಿಂಗಳ ಕೊನೇಲಿ ಕೂಡಿದ ಮೊತ್ತ. ಭಾನುವಾರ ಅಟ್ಟದಿಂದ ಎಲ್ಲ ಇಳಿಸಿ ಇಬ್ರೂ ಕೂತ್ಕೊಂಡು ಹತ್ತು ವರ್ಷದ್ದು ಆರಿಸಿ ಕೂಡಿ ನೋಡಿದ್ವಿ. ಹೋದ ವರ್ಷದ ಹನ್ನೆರಡು ತಿಂಗಳಲ್ಲಿ ಎರಡು ಮೊತ್ತ ತಪ್ಪಿತ್ತು. 1991ರಲ್ಲಿ ಮೂರು ತಪ್ಪಿತ್ತು. ನಮ್ಮನೆಯವ್ರು ಅದನ್ನ ನೋಡಿ ತುಂಬಾ ಹೊತ್ತು ಮಾತೇ ಆಡ್ಲಿಲ್ಲ. ಅತ್ತೆ ಒಳಗಿಂದ ಬಂದು, 91ನೇ ಇಸವಿ ತಾನೇ, ಆವಾಗ ನೀನು ಟೈಫಾಯ್ಡ್ ಬಂದು ಮಲಗಿದ್ದೆ ಕಣೋ, ಹಾಲು ಒಂದಿನ ಜಾಸ್ತಿ ಒಂದಿನ ಕಮ್ಮಿ ತಗೋತಿದ್ದೆ, ಎಲ್ಲಿ ಸರಿಯಾಗಿ ಬರ್ಕೊಳ್ಳೋದು, ಅಂದ್ರು.

ಈ ವರ್ಷದ ಕ್ಯಾಲೆಂಡರ್ ಅಡುಗೆಮನೆ ಬಾಗಿಲ ಹಿಂದೆ ನೇತಾಡ್ತಿದೆ. ಮಗ ಅದರ ಪಕ್ಕದಲ್ಲೇ ತನಗೂ ಒಂದು ಬೇಕು ಅಂತ ಹಟ ಮಾಡಿ ಹಾಕಿಸ್ಕೊಂಡಿದಾನೆ, ರಾತ್ರಿ ಮಲಗೋ ಮುಂಚೆ ಅವನು ಹೇಳ್ತಾನೆ, ಅಜ್ಜಿ ಬರೀತಾರೆ.